ಸೆರಗಿನೊಳಗಿನ ಕೈ

ಕಾಚಿಗೂಡದ ಆ ವಠಾರದಲ್ಲಿ ಕೌದಿ ಬೇಕಾದವರೆಲ್ಲ ಶಾರದಾಬಾಯಿಯ ಬಾಗಿಲಿಗೇ ಬರುತ್ತಿದ್ದರು. ಕಲಬುರಗಿಯಿಂದ ಮದುವೆಯಾಗಿ ಬಂದಾಗಿನಿಂದ ಹಳೆಯ ಸೀರೆಗಳನ್ನು ಕತ್ತರಿಸಿ, ಜೋಡಿಸಿ, ಹೊಲಿದ ಕೈ ಅದು. ಈಗೀಗ ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿ, ಕತ್ತರಿಯ ಉಂಗುರದೊಳಗೆ ಹೆಬ್ಬೆರಳೇ ಹೋಗುತ್ತಿರಲಿಲ್ಲ.

"ಅತ್ತಿ, ಗಾಲಿ ಬ್ಲೇಡಿನ ಕಟ್ಟರ್ ಬಂದಾವ್ರಿ. ಅರಿವಿ ಮ್ಯಾಲ ಉರುಳಿಸಿದ್ರ ಸಾಕು," ಎಂದು ಸೊಸೆ ಹರ್ಷದಾ ಅವರನ್ನು ಸುಲ್ತಾನ್ ಬಜಾರಿಗೆ ಕರೆದೊಯ್ದಳು.

ಹೊಲಿಗೆ ಸಾಮಾನಿನ ಅಂಗಡಿಯ ಅಂಬಾದಾಸ ಬೀದರ ಕಡೆಯವನು. ನಾಲ್ಕಾರು ಕಟ್ಟರ್‌ ತೆಗೆದು ಗಾಜಿನ ಮೇಲಿಟ್ಟ. "ಹಿಡಿದು ನೋಡ್ರಿ ಬಾಯಾರ. ಒಬ್ಬೊಬ್ಬರ ಕೈಗೆ ಒಂದೊಂದು ಹೊಂದತೈತಿ."

ಪಕ್ಕದಲ್ಲಿ ಕಾಲೇಜು ಹುಡುಗಿಯರು ಲೇಸು ಆರಿಸುತ್ತಿದ್ದರು. ಅವರ ನುಣುಪಾದ, ಬಣ್ಣ ಹಚ್ಚಿದ ಬೆರಳುಗಳನ್ನು ಕಂಡದ್ದೇ ಶಾರದಾಬಾಯಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಎಡಗೈಯಿಂದ ಸಣಕಲು ಹಿಡಿಯ ಒಂದನ್ನು ತೋರಿಸಿ, "ಇದಾ ಇರಲಿ," ಎಂದರು.

"ಒಮ್ಮೆ ಹಿಡೀರಲ್ಲ ಅತ್ತಿ."

"ನನಗ ಗೊತ್ತಾಗತೈತಿ ಬಿಡವಾ!" ಸಿಡುಕಿನಿಂದ ಬಂದ ಮಾತಿಗೆ ಹರ್ಷದಾ ಅದಕ್ಕೇ ದುಡ್ಡು ಎಣಿಸಿ ಕೊಟ್ಟಳು.

ಮಹಡಿಯ ಮನೆಯ ಭಾಗ್ಯಶ್ರೀ, ತೀರಿಕೊಂಡ ತನ್ನ ತಾಯಿಯ ಇಳಕಲ್ ಸೀರೆಯನ್ನು ಕೌದಿಗೆಂದು ಕೊಟ್ಟಿದ್ದಳು. ಕೆಂಪು ಸೆರಗು ಮಾತ್ರ ಇಡಿಯಾಗಿ ನಡುವೆ ಬರಬೇಕೆಂದು ಕೇಳಿಕೊಂಡಿದ್ದಳು. ಮರುದಿನ ಶಾರದಾಬಾಯಿ ಆ ಸೀರೆ ಹಾಸಿ, ಅಳತೆಪಟ್ಟಿ ಇಟ್ಟು, ಹೊಸ ಕಟ್ಟರ್ ಹಿಡಿದು ಒತ್ತಿದರು. ತೆಳು ಹಿಡಿ ಅಂಗೈಯಲ್ಲಿ ಹೊರಳಿತು. ಬ್ಲೇಡು ಪಟ್ಟಿಯ ಅಂಚು ಬಿಟ್ಟು ಸರ್ರನೆ ಓಡಿ ಸೆರಗನ್ನು ಅಡ್ಡಡ್ಡ ಸೀಳಿತು.

ಅವರು ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ತುರುಕಿದರು. ಸಂಜೆ ಮೆಟ್ಟಿಲಲ್ಲಿ ಎದುರಾದ ಭಾಗ್ಯಶ್ರೀ, "ಎಲ್ಲಿಗೆ ಬಂತ್ರಿ ಮೌಶಿ, ಕೌದಿ?" ಎಂದಳು.

"ಏನ್ ಹೇಳ್ಲಿ ತಂಗಿ, ಸೀರಿ ಪೂರ್ತಿ ಜೀರ್ಣ ಆಗೈತಿ. ಮುಟ್ಟಿದ್ರ ಸಾಕು, ಹರದು ಬರಾಕತ್ತೈತಿ."

ಭಾಗ್ಯಶ್ರೀಯ ಮುಖ ಬಾಡಿತು. "ಹೌದಾ? ಅವ್ವ ಜೋಪಾನ ಇಟ್ಟಾಳ ಅನ್ಕೊಂಡಿದ್ದೆ," ಎಂದು ಮೇಲೆ ಹೋದಳು.

ಆ ಮಾತು ಶಾರದಾಬಾಯಿಯನ್ನು ಬಿಡಲಿಲ್ಲ. ಕೈಯ ಸೊಟ್ಟು ಮುಚ್ಚಲು ಹೋಗಿ ಸತ್ತವಳ ಮೇಲೆ ತಪ್ಪು ಹೊರಿಸಿದ್ದರು. ರೊಟ್ಟಿಯ ತಟ್ಟೆಯನ್ನು ಹಾಗೇ ಬಿಟ್ಟು, ಸೀರೆ ತೆಗೆದುಕೊಂಡು ಮಹಡಿ ಹತ್ತಿದರು.

"ಸೀರಿ ಗಟ್ಟಿ ಐತಿ ತಂಗಿ. ನಿಮ್ಮವ್ವ ಭಾಳ ಚಲೋ ಇಟ್ಟಿದ್ರು. ನಾನಾ ಕೊಯ್ದೆ. ಈ ಕೈಲೆ ಹಿಡಿಯಾಕ ಬರಲಿಲ್ಲ... ಸುಳ್ಳು ಹೇಳಿದೆ."

ಭಾಗ್ಯಶ್ರೀ ಸೀಳಿದ ಅಂಚನ್ನು ಬಹಳ ಹೊತ್ತು ಸವರಿದಳು. "ಕೊಯ್ದದ್ದು ಇರಲಿ ಮೌಶಿ. ಅವ್ವನ ಮ್ಯಾಲ ಹಾಕಿದ್ರಲ್ಲ, ಅದಾ ಸಂಕಟ." ಕತ್ತರಿ ತಂದು ಸೆರಗನ್ನಷ್ಟೇ ಬೇರೆ ಮಾಡಿ ತನ್ನ ಬಳಿ ಇಟ್ಟುಕೊಂಡು ಉಳಿದದ್ದನ್ನು ಮರಳಿ ಕೊಟ್ಟಳು. "ಇದನ್ನ ಹೊಲೀರಿ."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಶಾರದಾಬಾಯಿ ತಲೆ ತಗ್ಗಿಸಿ ಇಳಿದು ಬಂದರು. ಎಲ್ಲವನ್ನೂ ಹರ್ಷದಾಳಿಗೆ ಹೇಳಿ, "ನಿನ್ನ ಮ್ಯಾಲೂ ಸುಮ್ಮ ಸಿಡುಕಿದೆ," ಎಂದರು.

ಮತ್ತೆ ಅಂಗಡಿಗೆ ಹೋದಾಗಲೂ ಜನ ಇದ್ದರು. ಶಾರದಾಬಾಯಿ ಬಲಗೈಯನ್ನು ಗಾಜಿನ ಮೇಲಿಟ್ಟರು. ಯಾರೋ ನೋಡಿದರು, ಆದರೂ ಕೈ ತೆಗೆಯಲಿಲ್ಲ. ಒಂದೊಂದಾಗಿ ಹಿಡಿದು ನೋಡಿದರು. ಒಂದು ಭಾರವಾಯಿತು, ಇನ್ನೊಂದರ ಗುಂಡಿ ಬಿಗಿಯಿತ್ತು. ಕೊನೆಗೆ ರಬ್ಬರ್ ಹೊದಿಸಿದ, ಬಾಗಿದ ದಪ್ಪ ಹಿಡಿಯ ಒಂದು ಕಟ್ಟರ್ ಅಂಗೈ ತುಂಬ ಕೂತಿತು. ಅದುಮಿದರೆ ಬ್ಲೇಡು ಹೊರಗೆ, ಸಡಿಲಿಸಿದರೆ ಒಳಗೆ. ಅಂಬಾದಾಸ ಕೊಟ್ಟ ಚಿಂದಿ ಬಟ್ಟೆಯ ಮೇಲೆ ಉರುಳಿಸಿದಾಗ ಬೆರಳು ನೋಯಲಿಲ್ಲ.

ಕೌದಿ ಮುಗಿದ ದಿನ ಭಾಗ್ಯಶ್ರೀ ಬಂದು, ಹಾಸಿ ನೋಡಿ, "ಚಂದ ಆಗೈತ್ರಿ," ಎಂದಳು. ಮೊದಲಿನ ಸಲಿಗೆ ದನಿಯಲ್ಲಿರಲಿಲ್ಲ.

"ಚಾ ಕುಡಿದು ಹೋಗವಾ," ಎಂದರು ಶಾರದಾಬಾಯಿ, ಅವಳ ಮುಖ ನೋಡಲಾಗದೆ.

ಭಾಗ್ಯಶ್ರೀ ಕ್ಷಣ ಯೋಚಿಸಿ, ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.