ಸೆವ್ದಾಳ ಹೆಸರಿನ ಗೋಧಿ

ನನ್ನ ಹೆಂಡತಿ ಸೆವ್ದಾ ತೀರಿಕೊಂಡು ಅಂದಿಗೆ ನಲವತ್ತನೆಯ ದಿನ. ಪಾದ್ರಿಗಳು ಗೋರಿಯ ಬಳಿ ಪ್ರಾರ್ಥನೆ ಮುಗಿಸಿದ ಮೇಲೆ, ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಬೆರೆಸಿ ಬೇಯಿಸಿದ ಗೋಧಿಯ ಬೋಗುಣಿ ಹಿಡಿದು ಗುಡ್ಡದ ಮೇಲಿನ, ಸಾವಿರಾರು ವರ್ಷ ಹಿಂದಿನ ಥ್ರೇಸಿಯನ್ ಜನರ ಸಮಾಧಿಗೆ ಹೋದೆ. ಜನರ ಉಸಿರಿಗೆ ಗೋಡೆಯ ಚಿತ್ರಗಳು ಕೆಡುತ್ತವೆಂದು ಹಳೆಯ ಸಮಾಧಿಗೆ ಬೀಗ ಹಾಕಿ, ಪಕ್ಕದಲ್ಲೇ ಅದರ ಪ್ರತಿರೂಪ ಕಟ್ಟಿದ್ದಾರೆ. ಆ ಪ್ರತಿರೂಪದ ಚಿತ್ರಗಳನ್ನು ಬರೆದವರಲ್ಲಿ ಸೆವ್ದಾ ಒಬ್ಬಳು. ಆಮೇಲೆ ಅವುಗಳ ಧೂಳು ಒರೆಸಿ ತಿದ್ದುತ್ತ ಅಲ್ಲೇ ಮುದುಕಿಯಾದಳು.

ನಮ್ಮಲ್ಲಿ ಸತ್ತವರ ಭಾವಚಿತ್ರವಿರುವ ಶೋಕಪತ್ರವನ್ನು ಅವರು ಬಾಳಿದ, ದುಡಿದ ಕಡೆಯ ಬಾಗಿಲುಗಳಿಗೆ ಅಂಟಿಸುತ್ತೇವೆ. ಬೆಳಿಗ್ಗೆ ಈ ಪ್ರತಿರೂಪದ ಬಾಗಿಲಿಗೂ ಅಂಟಿಸಿದ್ದೆ. ಈಗ ಮೂಲೆಯ ಚೂರುಗಳಷ್ಟೇ ಉಳಿದಿದ್ದವು.

"ಯಾರು ಕಿತ್ತಿದ್ದು?" ಎಂದು ಟಿಕೆಟ್ ಕೊಡುವ ಪೆನ್ಕಾಳನ್ನು ಕೇಳಿದೆ.

"ನನ್ನ ಕೇಳ್ಬೇಡಿ ಅಜ್ಜ. ಸಾಹೇಬ್ರು ಒಳಗಿದಾರೆ. ದೊಡ್ಡ ಕುರ್ಚಿ ಸಿಕ್ದಾಗಿಂದ ಗೋಡೆ ಮೇಲೆ ನೊಣ ಕೂತ್ರೂ ಅವರಿಗಾಗಲ್ಲ."

ಬಗ್ಗಿ ಒಳಗೆ ನಡೆದೆ. ಗುಮ್ಮಟದ ಕೆಳಗೆ ಅಧಿಕಾರಿ ತ್ರಯಾನೊವ್ ನಮ್ಮದೇ ನಾಡಿನ ಪ್ರವಾಸಿಗಳಿಗೆ ವಿವರಿಸುತ್ತಿದ್ದ. ಮೇಲಿನ ಚಿತ್ರದಲ್ಲಿ ಗಂಡ ಹೆಂಡತಿ ಕಡೆಯ ಊಟಕ್ಕೆ ಕುಳಿತಿದ್ದಾರೆ. ಒಬ್ಬರ ಮುಂಗೈಯನ್ನು ಒಬ್ಬರು ಹಿಡಿದಿದ್ದಾರೆ. ಅವಳ ತಲೆ ಬಾಗಿದೆ. ಆ ಕೈಗಳನ್ನು ಬರೆಯಲು ಸೆವ್ದಾಳಿಗೆ ಇಡೀ ಚಳಿಗಾಲ ಹಿಡಿಯಿತು. ಊಟದ ನಡುವೆ ನನ್ನ ಮುಂಗೈ ಹಿಡಿದು ನೋಡುತ್ತ ಕೂರುತ್ತಿದ್ದಳು. ಸಾರು ಆರಿಹೋಗುತ್ತಿತ್ತು.

"ಪತ್ರ ಯಾಕೆ ಕಿತ್ರಿ?" ಎಂದು ಅವನನ್ನು ಕೇಳಿದೆ.

"ಇದು ಸ್ಮಾರಕ ಅಜ್ಜ, ಬಸ್ ನಿಲ್ದಾಣ ಅಲ್ಲ."

"ಸಮಾಧಿ ತಾನೆ? ಸತ್ತೋರಿಗೆ ಇಲ್ಲೇ ಜಾಗ ಇಲ್ಲ ಅಂದ್ರೆ ಇನ್ನೆಲ್ಲಿ?"

ಯಾರೋ ನಕ್ಕರು. ಅವನ ಮುಖ ಕೆಂಪಾಯಿತು.

"ಇದ್ರಲ್ಲಿ ಯಾರನ್ನೂ ಹೂಳಿಲ್ಲ. ಇದು ನಕಲು, ಸರ್ಕಾರ ಮಾಡಿಸಿದ್ದು. ಯಾವ ಗೋಡೆ ಯಾರು ಬರೆದ್ರು ಅಂತ ಯಾರಿಗೆ ನೆನಪಿರತ್ತೆ?"

ಬೋಗುಣಿಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ದೇವರೇ, ಕೈ ತಡೆ ಎಂದು ಬೇಡಿಕೊಂಡೆ. ಸಿಟ್ಟು ಇಳಿಯಲಿಲ್ಲ, ಕೈ ಮಾತ್ರ ನಿಂತಿತು. ಹತ್ತಿರವಿದ್ದ ಮುದುಕಿಯ ಅಂಗೈಗೆ ಒಂದು ಚಮಚ ಗೋಧಿ ಹಾಕಿದೆ.

"ನನ್ನ ಸೆವ್ದಾಗೋಸ್ಕರ."

"ದೇವರು ಅವಳನ್ನ ಕ್ಷಮಿಸ್ಲಿ" ಎಂದು ಸತ್ತವರಿಗಾಗಿ ಹೇಳುವ ವಾಡಿಕೆಯ ಮಾತು ಹೇಳಿ ಆಕೆ ತಿಂದಳು. ಉಳಿದವರೂ ಒಬ್ಬೊಬ್ಬರಾಗಿ ಕೈಯೊಡ್ಡಿದರು. ಚರ್ಚಿನ ಹೊಸಿಲು ತುಳಿಯದವನೂ ನಮ್ಮಲ್ಲಿ ಸತ್ತವರ ಗೋಧಿಯನ್ನು ಬೇಡವೆನ್ನುವುದಿಲ್ಲ.

ತ್ರಯಾನೊವ್‌ನನ್ನು ದಾಟಿ ಹೋಗಬೇಕೆಂದಿದ್ದೆ. ಆದರೆ ಹುಟ್ಟಿನಿಂದ ಬಂದ ಅಭ್ಯಾಸ, ಅವನ ಕೈ ಆಗಲೇ ಮುಂದೆ ಬಂದಿತ್ತು. ಒಡ್ಡಿದ ಕೈಗೆ ಇಲ್ಲವೆಂದರೆ ಆ ಪಾಪ ಸೆವ್ದಾಳ ಆತ್ಮಕ್ಕೆ ತಟ್ಟುತ್ತದೆ. ಹಲ್ಲು ಕಚ್ಚಿ ಅವನಿಗೂ ಒಂದು ಚಮಚ ಹಾಕಿದೆ.

"ದೇವರು ಕ್ಷಮಿಸ್ಲಿ" ಎಂದು ಗೊಣಗಿದ.

"ಯಾರನ್ನ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಸೆವ್ದಾ ಚಿಕ್ಕಮ್ಮನ್ನ" ಎಂದ. ಅವಳ ಕೈಕೆಳಗೆ ಕೆಲಸ ಕಲಿತ ಹುಡುಗರು ಅವಳನ್ನು ಹಾಗೆ ಕರೆಯುತ್ತಿದ್ದರು. ಇವನೂ ಅವರಲ್ಲೊಬ್ಬ.

"ನೆನಪಿದೆ ಹಾಗಾದ್ರೆ."

ಕೋಟಿನ ಜೇಬಿನಿಂದ ಇನ್ನೊಂದು ಪತ್ರವನ್ನೂ ಅಂಟನ್ನೂ ತೆಗೆದು ಅವನ ಕೈಗಿತ್ತೆ. ಅವನು ಹೊರಗೆ ಹೋಗಿ ಬಾಗಿಲಿಗೆ ಅಂಟಿಸಿದ. ಹಿಂದೆ ನಿಂತು ನೋಡಿದೆ.

"ಸೊಟ್ಟಗಿದೆ. ಸರಿ ಮಾಡಿ" ಎಂದೆ.