ಸುರಂಗದಲ್ಲಿ ತಾಲೀಮು

"ನೀವೇ ಹೇಳಿ. ನಿಮ್ಮ ಮಗಳು ತಾನೇ?" ನರ್ಸಮ್ಮ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಪಿಸುಗುಟ್ಟಿದರು.

"ನಿಮ್ಮ ಸೊಸೆಯೂ ಹೌದಲ್ಲ ಬೀಗಿತ್ತಿಯವರೇ. ಇಂಥ ಮಾತು ಹೆಂಗಸರ ಬಾಯಲ್ಲಿ ಬಂದ್ರೇ ಚೆಂದ," ಎಂದರು ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು.

"ನಿನ್ನೆ ನೀವು ಹೇಳ್ತೀನಿ ಅಂದಿದ್ರಿ."

"ನಿನ್ನೆ ಸಮುದ್ರ ಜೋರಾಗಿತ್ತು. ಅವಳಿಗೆ ವಾಂತಿ ಬರೋ ಹಾಗಿತ್ತು. ಅದರ ಮೇಲೆ ನಾನು ಬೇರೆ ಇದನ್ನ ಹೇಳೋದಾ?"

ನರ್ಸಮ್ಮನಿಗೆ ನಗು ಬಂತು. ಸಿಟ್ಟೂ ಬಂತು. ಮೇಷ್ಟ್ರ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿರುವುದು ಕಣ್ಣಿಗೆ ಬಿದ್ದಾಗ ಸಿಟ್ಟು ಇಳಿಯಿತು. ಪಾಪ, ಅವರಿಗೂ ಹೆದರಿಕೆಯೇ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಎರಡು ಬ್ರೇಕಿನ ಕಾರಿನಲ್ಲಿ ಎಡಗಡೆ ಕೂತು ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವರು. ಸ್ಕೂಲು ಮುಚ್ಚಿದರೂ ಕಾಲಿನ ಅಭ್ಯಾಸ ಹೋಗಿಲ್ಲ. ಯಾವ ಗಾಡಿಯಲ್ಲಿ ಕೂತರೂ, ಜೀವ ಪುಕಪುಕ ಎಂದಾಗಲೆಲ್ಲ ಇಲ್ಲದ ಬ್ರೇಕನ್ನು ತುಳಿಯುತ್ತಾರೆ. ಅವರ ಮಗಳನ್ನು ನರ್ಸಮ್ಮನ ಮಗ ಮದುವೆಯಾಗಿ ಆರು ವರ್ಷ. ಮೇಷ್ಟ್ರ ಹೆಂಡತಿ ತೀರಿಕೊಂಡು ಮೂರು ವರ್ಷ. ನರ್ಸಮ್ಮ ವಿಧವೆಯಾದದ್ದು ಮಗ ಹೈಸ್ಕೂಲಿನಲ್ಲಿದ್ದಾಗ. ಅವರು ಆಪರೇಷನ್ ಥಿಯೇಟರಿನ ನರ್ಸಾಗಿ ನಿವೃತ್ತರಾದ ಮೇಲೆ, ಹೊತ್ತು ಹೋಗದೆ, ಬೀಗರ ಹತ್ತಿರ ಕಾರು ಕಲಿಯಲು ಶುರುಮಾಡಿದರು. ಬೇರೆ ಯಾರಿಗಾದರೂ ಫೀಸು ಕೊಡುವುದಕ್ಕಿಂತ ನೆಂಟರ ಹತ್ತಿರ ಪುಕ್ಕಟೆ ಬೈಸಿಕೊಳ್ಳುವುದು ವಾಸಿ ಎಂಬುದು ಆಗಿನ ಲೆಕ್ಕ.

ಆದರೆ ಮೇಷ್ಟ್ರು ಬೈಯಲಿಲ್ಲ. ಒಂದು ದಿನ ನರ್ಸಮ್ಮ ಪಕ್ಕದ ಊರಿನ ತನಕ ಕಾರು ಓಡಿಸಿ, ಮಾರುಕಟ್ಟೆಯ ಗದ್ದಲದಲ್ಲಿ ತಿರುಗಿಸಿ, ಹಿಂದಕ್ಕೆ ತಂದು ಮನೆಯ ಮುಂದೆ ನಿಲ್ಲಿಸಿದಾಗ, ಅಷ್ಟೂ ದಾರಿಗೆ ಪಕ್ಕದ ಬ್ರೇಕನ್ನು ಯಾರೂ ಮುಟ್ಟಿರಲಿಲ್ಲ. "ನೀವು ಯಾಕೆ ತುಳಿಯಲಿಲ್ಲ?" ಎಂದು ಕೇಳಿದರು. "ನೀವು ಓಡಿಸ್ತಿದ್ರಲ್ಲ, ನಾನು ಹೊರಗೆ ನೋಡ್ತಾ ಕೂತಿದ್ದೆ," ಎಂದರು ಮೇಷ್ಟ್ರು. ಅರವತ್ತೊಂದರ ವಯಸ್ಸಿನಲ್ಲಿ ನರ್ಸಮ್ಮನ ಎದೆ ಹಾಗೆ ಹೊಡೆದುಕೊಂಡದ್ದು ಆವತ್ತೇ. ಆಮೇಲೆ ಮಾತಿಗೆ ಮಾತು ಬೆಳೆದು, ಮದುವೆ ಮಾಡಿಕೊಂಡೇ ಒಟ್ಟಿಗಿರೋಣ ಎಂದು ಇಬ್ಬರೂ ತೀರ್ಮಾನಿಸಿಯೂ ಆಗಿತ್ತು. ಮಕ್ಕಳಿಗೆ ಹೇಳುವುದೊಂದು ಬಾಕಿ.

ಕನ್ನಡದವರದೇ ಒಂದು ತಂಡದ ಜೊತೆ ಹಡಗಿನ ಪ್ರವಾಸಕ್ಕೆ ಮಕ್ಕಳೇ ಒತ್ತಾಯ ಮಾಡಿ ಕರೆತಂದಿದ್ದರು. ಸಮುದ್ರದ ಮೇಲೆ, ಯಾರೂ ಎದ್ದುಹೋಗಲಾಗದ ಜಾಗದಲ್ಲಿ, ಆರಾಮಾಗಿ ಹೇಳಿಬಿಡಬಹುದು ಎಂದು ಇವರು ಲೆಕ್ಕ ಹಾಕಿದ್ದರು. ಮೊದಲ ದಿನದಿಂದ ಮೀನಮೇಷ ಎಣಿಸುತ್ತಲೇ ಬಂದು ಈಗ ಕೊನೆಯ ಬಂದರು. ನಾಳೆ ಹಡಗು ವಾಪಸು. ಆಮೇಲೆ ಮಕ್ಕಳ ಮನೆ ಮಕ್ಕಳಿಗೆ, ಇವರ ಮನೆ ಇವರಿಗೆ. ಮಗನ ಚಿಂತೆ ನರ್ಸಮ್ಮನಿಗಿರಲಿಲ್ಲ. ಅವನು ಎರಡು ದಿನ ತಲೆ ಕೆರೆದುಕೊಂಡು ಸುಮ್ಮನಾಗುವವನು. ಅವರ ಜೀವ ಹಿಂಡುತ್ತಿದ್ದದ್ದು ಸೊಸೆ. ತಾಯಿಯ ಕನ್ನಡಕವನ್ನು ಇವತ್ತಿಗೂ ಒರೆಸಿ ಒರೆಸಿ ಇಡುವ ಹುಡುಗಿ ಅವಳು. ಅತ್ತೆ ಅತ್ತೆ ಎಂದು ದಿನಕ್ಕೆ ನಾಲ್ಕು ಸಲ ಫೋನ್ ಮಾಡುವ ಆ ಬಾಯಿ ಒಮ್ಮೆ ಮುಚ್ಚಿಕೊಂಡರೆ?

ಮುಂದಿನ ಸಾಲಿನಲ್ಲಿ ಗೈಡ್ ಹುಡುಗಿ ಮೈಕು ಹಿಡಿದು ಹಳೆಯ ಯುದ್ಧದ ವಿಷಯ, ಗುಡ್ಡದೊಳಗಿನ ಸುರಂಗದ ವಿಷಯ ವಿವರಿಸುತ್ತಿದ್ದಳು. ಮಗ, ಸೊಸೆ ಕಿವಿ ನೆಟ್ಟಗೆ ಮಾಡಿ ಕೇಳುತ್ತಿದ್ದರು. ಇವರಿಬ್ಬರ ಕಿವಿಗೆ ಮಾತ್ರ ಒಂದಕ್ಷರವೂ ಬೀಳಲಿಲ್ಲ.

ಬಸ್ಸು ಮೊದಲು ನಿಂತದ್ದು ಸೈನಿಕರ ಸಮಾಧಿಗಳ ಹತ್ತಿರ. ಕತ್ತರಿಸಿದ ಹುಲ್ಲಿನ ನಡುವೆ ಬಿಳಿ ಕಲ್ಲುಗಳು ಸಾಲುಸಾಲಾಗಿ ಇಳಿಜಾರಿನ ತುದಿಯವರೆಗೆ ಹೋಗಿದ್ದವು. ಮಗ ಟೋಪಿ ತೆಗೆದ. ನರ್ಸಮ್ಮ ಹೆಸರುಗಳನ್ನು ಬಿಟ್ಟು ವಯಸ್ಸುಗಳನ್ನು ಓದುತ್ತ ನಡೆದರು. ವಾರ್ಡಿನಲ್ಲಿ ಕೇಸ್ ಶೀಟು ನೋಡುವಾಗಲೂ ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ. ಹತ್ತೊಂಬತ್ತು, ಇಪ್ಪತ್ತು, ಮತ್ತೆ ಹತ್ತೊಂಬತ್ತು.

"ಲೈಸೆನ್ಸಿಗೆ ಅಂತ ನನ್ನ ಹತ್ತಿರ ಬರ್ತಿದ್ದ ಹುಡುಗರ ವಯಸ್ಸು," ಎಂದರು ಮೇಷ್ಟ್ರು. ಅಲ್ಲಿಂದ ಎಲ್ಲರೂ ಗುಡ್ಡ ಹತ್ತಿದರು.

ಸುರಂಗದ ಬಾಗಿಲು ತಗ್ಗು, ಒಳಗೆ ತಣ್ಣಗೆ. ಸುಣ್ಣ ಬಳಿದ ಗೋಡೆ, ತಲೆಯ ಮೇಲೆ ಬಲ್ಬುಗಳ ಸಾಲು. ಗೈಡು ಜನರನ್ನೆಲ್ಲ ಅಧಿಕಾರಿಗಳ ಕೋಣೆಗೆ ಕರೆದುಕೊಂಡು ಹೋದಳು. ಮಗ ಅವಳ ಬೆನ್ನಿಗೇ ಹೋದ. ಸೊಸೆ ಎಲ್ಲೋ ಫೋಟೋ ತೆಗೆಯುತ್ತ ಮರೆಯಾಗಿದ್ದಳು. ನರ್ಸಮ್ಮನ ಕಾಲು ತಾನಾಗಿ ಬೇರೆ ದಾರಿ ಹಿಡಿಯಿತು: ಗಾಯಾಳುಗಳ ಕೋಣೆ. ಗೋಡೆಗೆ ಕಬ್ಬಿಣದ ಸರಪಳಿಯಲ್ಲಿ ತೂಗುಹಾಕಿದ ಮಂಚಗಳು, ಒಂದರ ಮೇಲೊಂದು. ನಡುವೆ ತಗಡು ಹೊದಿಸಿದ ಉದ್ದ ಮೇಜು. ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ. ಮೇಜಿನ ಎತ್ತರ ನೋಡಿ, ಇಲ್ಲಿ ಕೆಲಸ ಮಾಡಿದವಳ ಸೊಂಟ ಬಿದ್ದುಹೋಗಿರಬೇಕು ಎಂದುಕೊಂಡರು. ಮೇಜಿನ ಪಕ್ಕದ ಗೋಡೆಯಿಂದ ಹಿತ್ತಾಳೆಯ ಕೊಳವೆಯೊಂದು ಹೊರಗೆ ಬಾಯಿ ತೆರೆದುಕೊಂಡಿತ್ತು.

"ಫಿರಂಗಿ ಇಟ್ಟಿರೋ ಕಡೆಗೂ ಇಲ್ಲಿಗೂ ಮಾತಾಡೋ ಕೊಳವೆ," ಎಂದು ಹಿಂದೆಯೇ ಬಂದ ಮೇಷ್ಟ್ರು ಗೋಡೆಯ ಫಲಕ ನೋಡಿ ಹೇಳಿದರು. ಹೇಳಿದವರ ಮುಖ ಅರಳಿತು. "ಬೀಗಿತ್ತಿಯವರೇ, ಒಂದು ಕೆಲಸ ಮಾಡೋಣ. ರಸ್ತೆಗಿಳಿಯೋ ಮುಂಚೆ ಮೈದಾನದಲ್ಲಿ ಓಡಿಸ್ತಿರಲಿಲ್ವಾ, ಹಾಗೆ. ನಾನು ಆ ತುದಿಗೆ ಹೋಗಿ ಕಿವಿ ಇಡ್ತೀನಿ. ನಾನೇ ನನ್ನ ಮಗಳು ಅಂದುಕೊಂಡು ಹೇಳಿ. ಒಂದು ಸಲ ಬಾಯಿಂದ ಹೊರಗೆ ಬಂದ್ರೆ ಆಮೇಲೆ ಸಲೀಸು."

"ಅಂತೂ ಹೇಳೋಳು ನಾನೇ ಅಂತಾಯ್ತು."

"ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ದೊಡ್ಡ ಡಾಕ್ಟರನ್ನೇ ಗದರಿಸಿದವರು ನೀವು," ಎಂದು ಬೆಣ್ಣೆ ಹಚ್ಚಿ, ಉತ್ತರಕ್ಕೂ ಕಾಯದೆ ಮೇಷ್ಟ್ರು ಹೊರಟೇಬಿಟ್ಟರು.

ನರ್ಸಮ್ಮ ಅವರಿಗೆ ತಲುಪುವಷ್ಟು ಹೊತ್ತು ಕೊಟ್ಟರು. ಕೊಳವೆಯ ಆ ತುದಿಯಲ್ಲಿ ಯಾರೋ ಉಸಿರಾಡಿದ್ದು ಕೇಳಿಸಿತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಹಿತ್ತಾಳೆಗೆ ಬಾಯಿ ಹಚ್ಚಿದರು.

"ನೋಡು ಮಗಳೇ, ನಿನಗೊಂದು ಮಾತು ಹೇಳಬೇಕು. ಮೊದಲು ಪೂರ್ತಿ ಕೇಳು, ಆಮೇಲೆ ಬೇಕಾದ್ರೆ ಬೈ. ನಿಮ್ಮಪ್ಪನೂ ನಾನೂ ಮದುವೆ ಆಗೋಣ ಅಂತಿದ್ದೀವಿ. ಈ ವಯಸ್ಸಿನಲ್ಲಿ ಇದೇನು ಅಂತ ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಅವರು ಜೊತೆಗಿದ್ದರೆ ನನಗೆ ಖುಷಿಯಾಗುತ್ತೆ, ಇಷ್ಟೇ ಕಾರಣ, ಬೇರೆ ಏನೂ ಇಲ್ಲ. ನಿಮ್ಮಮ್ಮನ ಜಾಗ ನಿಮ್ಮಮ್ಮಂದೇ. ಅದಕ್ಕೆ ನಾನು ಕೈ ಹಾಕೋಳಲ್ಲ. ನಿನ್ನ ಮನಸ್ಸಿಗೆ ಒಂದು ಚೂರು ನೋವಾದರೂ ಹೇಳಿಬಿಡು, ಈ ಮಾತು ಇಲ್ಲಿಗೇ ಬಿಟ್ಟುಬಿಡ್ತೀವಿ. ನಿಮ್ಮಪ್ಪ ಇಲ್ಲದೆ ಹೇಗೋ ಬದುಕ್ತೀನಿ, ಇಷ್ಟು ವರ್ಷ ಒಬ್ಬಳೇ ಇದ್ದೆ. ನೀನು ಮುಖ ತಿರುಗಿಸಿದರೆ ನನ್ನ ಕೈಲಿ ತಡಕೊಳ್ಳೋಕಾಗಲ್ಲ ಕಣೇ."

ಕೊನೆಯ ಮಾತಿಗೆ ದನಿ ನಡುಗಿತು. ಅದು ತಾಲೀಮಿನಲ್ಲಿ ಇರಲಿಲ್ಲ. ಮೂಗು ಒರೆಸಿಕೊಂಡು, "ಹೇಗಿತ್ತು? ಸರಿ ಬಂತಾ?" ಎಂದು ಕೇಳಿದರು.

ಕೊಳವೆಯಿಂದ ಸಣ್ಣ ದನಿ ಬಂತು.

"ಅತ್ತೆ, ಅಪ್ಪ ಇಲ್ಲಿಲ್ಲ. ನಾನಿದ್ದೀನಿ."

ನರ್ಸಮ್ಮನ ಜೀವ ಬಾಯಿಗೆ ಬಂತು.

"ಅಲ್ಲೇ ಇರಿ. ಬರ್ತೀನಿ," ಎಂದಿತು ದನಿ.

ಅವರು ತೂಗುಮಂಚದ ಅಂಚಿನ ಮೇಲೆ ಕೂತರು. ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕಾಯುವವರಿಗೆ "ಗಾಬರಿ ಮಾಡ್ಕೋಬೇಡಿ" ಎಂದು ಎಷ್ಟು ಸಲ ಹೇಳಿದ್ದರೋ. ಎಂಥ ಕೆಲಸಕ್ಕೆ ಬಾರದ ಮಾತು ಅದು ಎಂದು ಈಗ ತಿಳಿಯಿತು. ಹೆಜ್ಜೆಯ ಸದ್ದು ಹತ್ತಿರವಾಯಿತು. ಸೊಸೆ ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಿತ್ತು. ಒಳಗೆ ಬಂದು ಅದೇ ಮಂಚದ ಮೇಲೆ, ಒಂದಿಷ್ಟು ಜಾಗ ಬಿಟ್ಟು ಕೂತಳು. ಸರಪಳಿ ಕಿರ್ ಎಂದಿತು.

"ಅಪ್ಪ ಊಟ ಮಾಡ್ತಾ ರೇಡಿಯೋ ಜೊತೆ ಮಾತಾಡ್ತಾನೆ," ಎಂದಳು. "ವಾರ್ತೆ ಓದೋಳು ನಮಸ್ಕಾರ ಅಂದ್ರೆ ತಿರುಗಿ ನಮಸ್ಕಾರ ಅಂತಾನೆ. ನಾನು ಅಲ್ಲಿಗೆ ಹೋದಾಗಲೆಲ್ಲ ಅಡುಗೆಮನೇಲಿ ನಿಂತು ಅಳ್ತೀನಿ. ನಿಮಗೆ ಹೇಳಿರಲಿಲ್ಲ."

ನರ್ಸಮ್ಮ ಅವಳ ಕಡೆಗೆ ತಿರುಗಿ ಕೂತರು.

"ನೋವಾಯ್ತು ಅತ್ತೆ. ಸುಳ್ಳು ಹೇಳಲ್ಲ. ಅಲ್ಲಿ ನಿಂತು ಕೇಳ್ತಿದ್ದಾಗ ಅಮ್ಮ ನೆನಪಾದಳು. ಆದರೆ ಖುಷಿನೂ ಆಯ್ತು. ಎರಡೂ ಒಟ್ಟಿಗೇ ಆಯ್ತು, ಏನ್ಮಾಡ್ಲಿ?" ಅವಳು ಮೂಗೆಳೆದುಕೊಂಡಳು. "ಒಂದೇ ಒಂದು. ನಾನು ನಿಮ್ಮನ್ನ ಅಮ್ಮ ಅನ್ನಲ್ಲ. ಬಾಯಿಗೆ ಬರಲ್ಲ."

"ಅನ್ನು ಅಂದೋರು ಯಾರು? ಅತ್ತೆ ಅಂತಾನೇ ಅನ್ನು. ನಿನ್ನ ಬಾಯಲ್ಲಿ ಅದು ಪ್ರೀತಿಯಿಂದ ಬರೋ ಹಾಗಾಗೋಕೆ ನಾನು ಎಷ್ಟು ಕಷ್ಟಪಟ್ಟಿದ್ದೀನಿ, ಬಿಟ್ಟುಕೊಡ್ತೀನಾ?"

ಸೊಸೆ ಅಳುತ್ತಲೇ ನಕ್ಕಳು. ನಡುವೆ ಬಿಟ್ಟಿದ್ದ ಜಾಗ ಯಾವಾಗ ಹೋಯಿತೋ, ಅವಳ ತಲೆ ನರ್ಸಮ್ಮನ ಹೆಗಲ ಮೇಲಿತ್ತು. ಮೈಯ ಭಾರವೆಲ್ಲ ಇಳಿದು ನರ್ಸಮ್ಮನಿಗೆ ಹಗುರವಾಯಿತು.

ಅಷ್ಟರಲ್ಲಿ ಗೋಡೆ ಕೆಮ್ಮಿತು.

"ಅಮ್ಮಾ," ಎಂದಿತು ಕೊಳವೆ, ಮಗನ ದನಿಯಲ್ಲಿ. "ಇಲ್ಲಿ ಅಧಿಕಾರಿಗಳ ಕೋಣೇಲೂ ಕೇಳಿಸ್ತು. ಇದಕ್ಕೆ ಮೂರು ಬಾಯಿ. ಗೈಡು ಬಸ್ಸಲ್ಲೇ ಹೇಳಿದ್ರಲ್ಲ."

"ಎಲ್ಲಾ ಕೇಳಿಸ್ತಾ?"

"ಎಲ್ಲಾ. ಬರೀ ನನಗಲ್ಲ. ಬಸ್ಸಿನವರೆಲ್ಲ ಇಲ್ಲೇ ಇದ್ದಾರೆ. ಒಬ್ಬರು ಅಜ್ಜಿ ಕರ್ಚೀಫು ಒದ್ದೆ ಮಾಡ್ಕೊಂಡಿದ್ದಾರೆ." ಹಿಂದಿನಿಂದ ಚಪ್ಪಾಳೆ, ಯಾರದೋ ಶಿಳ್ಳೆ. ಸ್ವಲ್ಪ ತಡೆದು ಮಗ ಮತ್ತೆ ಕೇಳಿದ: "ಅಲ್ಲಾ, ಮಾವ ನನಗೆ ಅಪ್ಪ ಆದ್ರೆ, ಇವಳು ನನಗೆ ಏನಾಗ್ತಾಳೆ?"

"ಲೆಕ್ಕ ಹಾಕಬೇಡ, ಸುಮ್ಮನಿರು," ಎಂದು ಸೊಸೆ ಕೊಳವೆಯೊಳಗೆ ಕೂಗಿದಳು. ಅತ್ತೆ ಸೊಸೆ ಇಬ್ಬರೂ ಮಂಚ ತೂಗಾಡುವಂತೆ ನಕ್ಕರು. ಮೂರು ಕೋಣೆಗಳಲ್ಲೂ ಆ ನಗು ಕೇಳಿಸಿರಬೇಕು.

ಆಗ ಬಂದರು ಮೇಷ್ಟ್ರು, ಮೈತುಂಬ ಸುಣ್ಣ, ಏದುಸಿರು. ಊರಿಗೆಲ್ಲ ದಾರಿ ತೋರಿಸಿದ ಮನುಷ್ಯ ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ, ಸುರಂಗದ ಇನ್ನೊಂದು ಬಾಗಿಲಿನಿಂದ ಹೊರಬಿದ್ದು, ಗುಡ್ಡ ಸುತ್ತಿಕೊಂಡು ಬಂದಿದ್ದರು.

"ಸಿಗಲೇ ಇಲ್ಲ ಮಾರಾಯ್ತಿ. ಇನ್ನೂ ಶುರು ಮಾಡಿಲ್ಲ ತಾನೇ?" ಎನ್ನುತ್ತ ಒಳಗೆ ಕಾಲಿಟ್ಟವರು, ಮಗಳನ್ನು ಕಂಡು ಗಕ್ಕನೆ ನಿಂತರು. ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು.

ಮಗಳು ಅವರ ಕಾಲನ್ನು ನೋಡಿದಳು, ಮುಖವನ್ನು ನೋಡಿದಳು.

"ಬ್ರೇಕ್ ಬಿಡಪ್ಪ," ಎಂದಳು. "ಎಲ್ಲಾ ಮುಗೀತು."

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಗುಡ್ಡದ ನೆತ್ತಿಯಲ್ಲಿ ಬಾಂಬು ಬಿದ್ದು ಆದ ಹಳ್ಳಗಳ ತುಂಬ ಹಳದಿ ಹೂವು. ಬಸ್ಸಿನವರು ಒಬ್ಬೊಬ್ಬರಾಗಿ ಬಂದು ಮೇಷ್ಟ್ರ ಕೈ ಕುಲುಕಿದರು. ಅವರು ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು, ಕೆಲವರಿಗೆ ಎರಡು ಸಲ. ಮಗ ಬೆರಳು ಮಡಿಚುತ್ತ ಬಿಚ್ಚುತ್ತ ಇನ್ನೂ ಸಂಬಂಧ ಎಣಿಸುತ್ತಿದ್ದ.

"ಇಬ್ಬರೂ ನಿಂತ್ಕೊಳ್ಳಿ, ಒಂದು ಫೋಟೋ," ಎಂದಳು ಸೊಸೆ.

ಬೀಗರು ಬೀಗಿತ್ತಿಯರು ನಿಲ್ಲುವ ಹಾಗೆಯೇ ಇಬ್ಬರೂ ಕೈಕಟ್ಟಿಕೊಂಡು, ನಡುವೆ ಇನ್ನೊಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಬಿಟ್ಟು ನಿಂತರು.

"ಇನ್ನೂ ಸ್ವಲ್ಪ ಹತ್ತಿರ ಅಪ್ಪ. ಅತ್ತೆ, ನೀವೂ."

ಇಬ್ಬರೂ ಅರ್ಧರ್ಧ ಹೆಜ್ಜೆ ಸರಿದರು. ಸೊಸೆ ಫೋನನ್ನು ಗಂಡನ ಕೈಗೆ ಕೊಟ್ಟು ಬಂದಳು. ಅಪ್ಪನ ತೋಳಿಗೊಂದು ಕೈ, ಅತ್ತೆಯ ತೋಳಿಗೊಂದು ಕೈ ಹಾಕಿ, ಇಬ್ಬರ ಭುಜ ಒಂದಕ್ಕೊಂದು ತಾಗುವ ತನಕ ಒತ್ತಿದಳು. ಅಪ್ಪನ ಅಂಗಿಯ ಮೇಲಿದ್ದ ಸುಣ್ಣ ಕೊಡವಿದಳು. ನರ್ಸಮ್ಮನ ಹಣೆಯ ಮೇಲೆ ಹಾರುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸೇರಿಸಿದಳು.

"ನೀನು ಸ್ವಲ್ಪ ಪಕ್ಕಕ್ಕೆ ಬಾ, ಅವರು ಕಾಣಿಸ್ತಿಲ್ಲ," ಎಂದು ಗಂಡ ಫೋನು ಹಿಡಿದು ಕರೆದ.

ಅವಳು ಬರಲಿಲ್ಲ. ಅವರಿಬ್ಬರ ಎದುರಿಗೇ ನಿಂತು ನೋಡುತ್ತಿದ್ದಳು.