ಚಂದ್ರಾಮಪ್ಪನ ಬಲಗಿವಿಯ ದಾರಿ

ನಾನು ಒಂದು ಕಿವಿಯ ದಾರಿ. ಹೊರಗಿನ ಹಾಲೆಯಿಂದ ಒಳಗಿನ ತಮಟೆಯವರೆಗೆ ಒಂದಂಗುಲ ಉದ್ದ, ಸ್ವಲ್ಪ ಡೊಂಕು. ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಚಂದ್ರಾಮಪ್ಪ ಬಡಿಗೇರನ ತಲೆಯ ಬಲಗಡೆ ಅವನ ಜೊತೆಗೇ ಹುಟ್ಟಿದೆ. ತೊಟ್ಟಿಲಲ್ಲಿ ಚುಚ್ಚಿಸಿದ ಬಂಗಾರದ ಮುರುವು ಹಾಲೆಯ ಪಾಲಿಗೆ ಹೋಯಿತು. ನನ್ನ ಪಾಲಿಗೆ ಬಂದದ್ದು ಕಡ್ಡಿ.

ನನ್ನ ಕೆಲಸ ನನಗೆ ಗೊತ್ತಿತ್ತು. ಬಾಗಿಲ ಬಳಿ ಕೂದಲು ಬೆಳೆಸಿದ್ದೆ, ಅಂಟಂಟಾದ ಗುಗ್ಗೆ ಒಸರಿಸುತ್ತಿದ್ದೆ. ಧೂಳು, ಹುಳ, ನೀರು ಒಳಗೆ ನುಗ್ಗದಂತೆ ಅದು ತಡೆಯುತ್ತಿತ್ತು. ನನ್ನ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ಬಹಳ ನಿಧಾನವಾಗಿ ಸರಿಯುತ್ತದೆ, ಹಳೆಯ ಗುಗ್ಗೆಯೂ ಅದರ ಜೊತೆ ಬರುತ್ತದೆ. ಚಂದ್ರಾಮಪ್ಪ ರೊಟ್ಟಿ ಅಗಿಯುವಾಗ ದವಡೆ ಅಲುಗಿ ತಾನೇ ಉದುರುತ್ತಿತ್ತು. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಆದರೆ ಮನುಷ್ಯರಿಗೆ ಸುಮ್ಮನಿರುವುದೇ ಕಷ್ಟ.

ಮೊದಲು ಅವನ ಅವ್ವ ತಲೆಗೆ ಎರೆಯುವ ದಿನಗಳಲ್ಲಿ ಎಣ್ಣೆ ಹೊಯ್ದು ಕಡ್ಡಿ ತಿರುವಿದಳು. ಆಮೇಲೆ ಹೆಂಡತಿ ಕಾಳವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುರುಬಿನ ಪಿನ್ನಿನಿಂದ ಕೆದಕಿದಳು. ಇಬ್ಬರೂ ಪ್ರೀತಿಯಿಂದಲೇ ಮಾಡಿದರು, ನನ್ನ ಕರ್ಮ. ಕೊನೆಗೆ ನಾನು ಚಂದ್ರಾಮಪ್ಪನ ಕೈಗೇ ಸಿಕ್ಕಿದೆ.

ಹಾರ್ಮೋನಿಯಂ ಪೇಟಿಯ ಹಿತ್ತಾಳೆ ರೀಡಿನ ಸಂದಿಯಲ್ಲಿ ಧೂಳು ಕೂತರೆ ಸ್ವರ ಹೊರಡುವುದಿಲ್ಲ. ಚಂದ್ರಾಮಪ್ಪ ಅದನ್ನು ಸಣ್ಣ ತಂತಿಯಿಂದ ತೆಗೆಯುತ್ತಿದ್ದ. ಆಮೇಲೆ ಅದೇ ತಂತಿಯನ್ನು ಅಂಗಿಗೆ ಒರೆಸಿ ನನ್ನೊಳಗೆ ತೂರಿಸುತ್ತಿದ್ದ.

"ಪೇಟಿ ಸ್ವಚ್ಛ ಇದ್ರಷ್ಟ ಸಾಲೂದಿಲ್ಲ, ಕೇಳೂ ಕಿವೀನೂ ಸ್ವಚ್ಛ ಇರಬೇಕು," ಎನ್ನುತ್ತಿದ್ದ ಗಿರಾಕಿಗಳಿಗೆ.

ತಂತಿಗೆ ಅಂಟಿದ ಚೂರು ನೋಡಿ ಹಿಗ್ಗುತ್ತಿದ್ದ. ಉಳಿದದ್ದೆಲ್ಲ ಒಳಕ್ಕೆ ಒತ್ತಿಕೊಂಡು ತಮಟೆಯ ಮುಂದೆ ಗಟ್ಟಿಯಾಗುತ್ತಿತ್ತು. ಸ್ವರ ಮಂದವಾದಷ್ಟೂ ಅವನು ಆಳಕ್ಕೆ ಕೆದಕಿದ. ನನ್ನ ಚರ್ಮ ಹುಣ್ಣಾಯಿತು, ಹುಣ್ಣು ತುರಿಸಿತು, ತುರಿಕೆಗೆ ಮತ್ತೆ ತಂತಿ. ಸಾಕು ಎಂದು ಹೇಳೋಣವೆಂದರೆ ಕಿವಿಯಾಗಿ ಹುಟ್ಟಿದವನು ಬಾಯಿ ಎಲ್ಲಿಂದ ತರಲಿ?

ಒಂದು ಮಧ್ಯಾಹ್ನ ಹಾಗೆ ಕೆದಕುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೂಗಿದರು. ಅವನು ತಟ್ಟನೆ ತಿರುಗಿದ, ಮೊಣಕೈ ಪೇಟಿಗೆ ಬಡಿದು ತಂತಿ ತಮಟೆಯನ್ನು ಹರಿದುಹಾಕಿತು. ನೋವಿಗೆಂದು ಕಾಳವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟಳು. ಹರಿದ ತಮಟೆಯಾಚೆ ಎಣ್ಣೆ ಇಳಿದು ಕೀವಾಯಿತು. ಕೀವು ಒಳಗಿನ ಸಣ್ಣ ಎಲುಬುಗಳನ್ನೂ ತಿಂದುಹಾಕಿತು.

"ಕಿವಿ ತನ್ನ ಗುಗ್ಗಿ ತಾನ ಹೊರಗ ಹಾಕತೈತ್ರಿ. ಹೊರಗ ಬಂದಿದ್ದನ್ನಷ್ಟ ಬಟ್ಟಿಲೆ ಒರಸಬೇಕು. ಒಳಗ ಏನೂ ಹಾಕಬಾರದಿತ್ತು," ಎಂದು ಡಾಕ್ಟರು ಅವನ ಮುಖದ ಹತ್ತಿರ ಬಾಗಿ ಜೋರಾಗಿ ಹೇಳಿದರು. ಚಂದ್ರಾಮಪ್ಪ ತಲೆಯಾಡಿಸಿದ. ಎಡಗಿವಿ ಮೊದಲೇ ಅರ್ಧ ಸತ್ತಿತ್ತು, ಅವನ ತಲೆಗೆ ಹೋದದ್ದು ಗುಗ್ಗಿ ಎಂಬ ಒಂದೇ ಮಾತು. ಸ್ವರ ಸೇರಿಸಲಾಗದೆ ಅಂಗಡಿ ಮುಚ್ಚಿದ.

ಈಗ ನಾನು ಮುದಿಯಾಗಿದ್ದೇನೆ. ಸದಾ ಒದ್ದೆ, ನಾತ. ಕೆಟ್ಟವರ ಕೈಗೆ ಸಿಕ್ಕಿದ್ದರೆ ಶಪಿಸಿಯಾದರೂ ಹಗುರಾಗುತ್ತಿದ್ದೆ, ನನಗೆ ಆ ಸಮಾಧಾನವೂ ಇಲ್ಲ.

ನಿನ್ನೆ ಕಾಳವ್ವ ಸಂತೆಗೆ ಹೋಗಿದ್ದಳು. ಚಂದ್ರಾಮಪ್ಪ ಮೊಮ್ಮಗಳು ದ್ರಾಕ್ಷಾಯಣಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಡ್ಡಿಗೆ ಹತ್ತಿ ಸುತ್ತಿದ.

"ಗುಗ್ಗಿ ಕುಂತು ನನ್ನ ಕಿವಿ ಹ್ವಾತು. ನಿಂದಾದ್ರೂ ಸ್ವಚ್ಛ ಇಡೂಣು, ನನ್ನವ್ವಾ. ಅಲುಗಾಡಬ್ಯಾಡ."

"ನೋಯಾಕತ್ತೈತಿ, ಅಜ್ಜಾ," ಎಂದಿತು ಕೂಸು.

ಆ ಮಾತು ನನ್ನ ಬಾಗಿಲಿಗೆ ಬಂತು. ಡೊಂಕು ದಾಟಿ ಹರಿದ ತಮಟೆಯವರೆಗೂ ಬಂದು ಅಲ್ಲೇ ನಿಂತುಬಿಟ್ಟಿತು. ಚಂದ್ರಾಮಪ್ಪ ಮಗುವಿನ ಕೆನ್ನೆ ಸವರಿ, ಕಡ್ಡಿಯನ್ನು ಇನ್ನಷ್ಟು ಒಳಕ್ಕೆ ತಿರುವಿದ.